ಎಲ್ಲರಿಗೂ ಒಂದು ಪಾಲು

ಅರ್ಥಶಾಸ್ತ್ರವನ್ನು ಕಲಿಸುವವರು ಅನೇಕರು. ತಾವು ಕಲಿಸಿದ್ದನ್ನು ದೇಶದ ಶಾಸನವಾಗಿ ಬರೆಯಿಸಿದವರು ವಿರಳ. ಬ್ರೆಜಿಲಿನ ಎದುವಾರ್ದೊ ಸುಪ್ಲಿಸಿ ಅಂಥವರಲ್ಲಿ ಒಬ್ಬರು.

ಸುಪ್ಲಿಸಿ ಹುಟ್ಟಿದ್ದು 1941ರಲ್ಲಿ, ಸಾವೊ ಪಾವ್ಲೊ ನಗರದ ಸಿರಿವಂತ ಮನೆತನದಲ್ಲಿ. 1973ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಿಂದ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ತಮ್ಮ ಊರಿನಲ್ಲಿ ಅಧ್ಯಾಪಕರಾಗಿದ್ದರು. ಆಗ ಬ್ರೆಜಿಲಿನಲ್ಲಿ ಸೈನ್ಯದ ಆಡಳಿತ. 1978ರಲ್ಲಿ ಅವರು ವಿರೋಧಪಕ್ಷದಿಂದ ರಾಜ್ಯದ ಶಾಸನಸಭೆಗೆ ಆರಿಸಿಬಂದರು. 1980ರಲ್ಲಿ ಕಾರ್ಮಿಕರ ಪಕ್ಷವನ್ನು ಸ್ಥಾಪಿಸಿದವರಲ್ಲಿ ಅವರೂ ಒಬ್ಬರು. 1990ರಲ್ಲಿ ಆ ಪಕ್ಷದ ಮೊದಲ ಸೆನೆಟ್ ಸದಸ್ಯರಾಗಿ ಚುನಾಯಿತರಾಗಿ, 1991ರಿಂದ 24 ವರ್ಷ ಅಲ್ಲಿದ್ದರು.

ಸೆನೆಟಿಗೆ ಬಂದ ವರ್ಷವೇ ಅವರು ಒಂದು ಮಸೂದೆ ತಂದರು. ಗೊತ್ತಾದ ಮಿತಿಗಿಂತ ಕಡಿಮೆ ಆದಾಯವಿದ್ದವರಿಗೆ ಕೊರತೆಯ ಒಂದು ಭಾಗವನ್ನು ಸರ್ಕಾರ ತುಂಬಿಕೊಡಬೇಕೆಂಬುದು ಅದರ ಸಾರ. ಸೆನೆಟ್ ಒಪ್ಪಿತು, ಕೆಳಮನೆಯಲ್ಲಿ ಅದು ನಿಂತುಹೋಯಿತು.

ಕ್ರಮೇಣ ಸುಪ್ಲಿಸಿಯವರ ವಿಚಾರವೇ ಮುಂದೆ ಸಾಗಿತು. ಬಡವನು ನಾಲ್ಕು ಕಾಸು ಹೆಚ್ಚು ದುಡಿದನೆಂದು ನೆರವನ್ನು ಕಡಿಮೆಮಾಡಿದರೆ ದುಡಿಮೆಗೆ ಉತ್ಸಾಹವೆಲ್ಲಿ? ಕಛೇರಿಯ ಮುಂದೆ ನಿಂತು ತನ್ನ ಬಡತನಕ್ಕೆ ತಾನೇ ಸಾಕ್ಷಿ ಹೇಳುವ ಅವಮಾನವಾದರೂ ಏತಕ್ಕೆ? ಆದ್ದರಿಂದ 2001ರ ಹೊಸ ಮಸೂದೆಯಲ್ಲಿ ಬಡವ ಬಲ್ಲಿದರೆನ್ನದೆ ಎಲ್ಲರಿಗೂ ಸಮನಾದ ಪಾಲು ಸಲ್ಲಬೇಕೆಂದರು. ಐದು ವರ್ಷ ಅಲ್ಲಿ ನೆಲೆಸಿದ ಪರದೇಶದವರಿಗೂ ಅದು ಸಲ್ಲತಕ್ಕದ್ದು.

ಧನಿಕನಿಗೆ ಈ ಹಣವೇಕೆಂದು ಕೇಳುಗರಿಗೆ ಸಂದೇಹ ಬರಬಹುದು. ಅದಕ್ಕೆ ಸುಪ್ಲಿಸಿಯವರ ಉತ್ತರ ಸರಳ: ಉಳ್ಳವರು ಹೆಚ್ಚು ತೆರಿಗೆ ಕೊಡುತ್ತಾರೆ; ತಮ್ಮ ಪಾಲಿನೊಡನೆ ಇತರರ ಪಾಲನ್ನೂ ಅವರೇ ತುಂಬಿದಂತಾಯಿತು.

2004ರ ಜನವರಿ 8ರಂದು ಅಧ್ಯಕ್ಷ ಲೂಲಾ ಅದಕ್ಕೆ ಸಹಿ ಹಾಕಿದರು. ಆದರೆ ಶಾಸನದೊಳಗೆ ಒಂದು ಮಾತು ಸೇರಿತ್ತು: ಬೊಕ್ಕಸದ ಅನುಕೂಲ ನೋಡಿಕೊಂಡು, ಕಡುಬಡವರಿಂದ ಮೊದಲುಮಾಡಿ, ಹಂತಹಂತವಾಗಿ ಕೊಡತಕ್ಕದ್ದು. ಮಸೂದೆಗೆ ಒಪ್ಪಿಗೆ ಸುಲಭವಾದದ್ದು ಈ ಮಾತಿನಿಂದ. ಫಲ ತಡವಾದದ್ದೂ ಇದರಿಂದಲೇ. ಮರುದಿನವೇ ಶಾಸನವಾದ 'ಬೋಲ್ಸಾ ಫಮೀಲಿಯ' ಯೋಜನೆ ಲಕ್ಷಾಂತರ ಬಡ ಕುಟುಂಬಗಳಿಗೆ ತಲಪಿತು. ಅದರಲ್ಲಿ ಆದಾಯದ ವಿಚಾರಣೆ ಉಂಟು. ಕಡುಬಡವರಿಗಾದರೂ 2022ರಿಂದ ಈ ಶಾಸನವನ್ನು ಜಾರಿಗೆ ತರಬೇಕೆಂದು 2021ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆಜ್ಞೆಮಾಡಬೇಕಾಯಿತು. ಶಾಸನಕ್ಕೆ 20 ವರ್ಷ ತುಂಬಿದಾಗಲೂ ಎಲ್ಲರ ಪಾಲು ಎಲ್ಲರ ಕೈಸೇರಿರಲಿಲ್ಲ.

ಸುಪ್ಲಿಸಿ 2014ರಲ್ಲಿ ಸೆನೆಟ್ ಚುನಾವಣೆಯಲ್ಲಿ ಸೋತರು. 2016ರಲ್ಲಿ ಮೂರು ಲಕ್ಷಕ್ಕೂ ಮಿಕ್ಕಿದ ಮತ ಪಡೆದು ನಗರಸಭೆಗೆ ಬಂದರು. 2022ರಲ್ಲಿ, 81ರ ವಯಸ್ಸಿನಲ್ಲಿ, ತಾವು ಮೊದಲು ಕಾಲಿಟ್ಟ ರಾಜ್ಯ ಶಾಸನಸಭೆಗೇ ಮತ್ತೆ ಆರಿಸಿಬಂದರು. ಅಲ್ಲಿಯೂ ಅದೇ ಮಾತನ್ನೆತ್ತಿದರು. ಶಾಸನ ಬರೆಯಲು ಒಂದು ಲೇಖನಿ ಸಾಕು; ಅದನ್ನು ನಡೆಸಲು ಒಂದು ಜೀವಮಾನವೂ ಸಾಲದು.