ಲಷ್ಕರ್ ಮೊಹಲ್ಲಾದಲ್ಲೊಂದು ನಡಿಗೆ

ಊರನ್ನು ನೋಡುವುದು ಬೇರೆ, ಊರಿನಲ್ಲಿ ನಡೆಯುವುದು ಬೇರೆ. ಮೈಸೂರಿಗೆ ಬರುವ ಪ್ರವಾಸಿಗರು ಅರಮನೆ, ಮೃಗಾಲಯ, ಚಾಮುಂಡಿಬೆಟ್ಟಗಳನ್ನು ಒಂದೇ ದಿನದಲ್ಲಿ ನೋಡಿ ಮುಗಿಸುತ್ತಾರೆ. ಲಷ್ಕರ್ ಮೊಹಲ್ಲಾದಲ್ಲಿ ಅವರು ಇಳಿಯುವುದು ಸಾಮಾನ್ಯವಾಗಿ ಸಂತ ಫಿಲೋಮಿನಾ ಚರ್ಚಿನ ಮುಂದೆ ಮಾತ್ರ. ಅತಿಥಿಗಳ ಮಾತು ಹಾಗಿರಲಿ. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮಲ್ಲಿ ಎಷ್ಟು ಮಂದಿ ಆ ಮೊಹಲ್ಲಾದ ಅಡ್ಡರಸ್ತೆಗಳಲ್ಲಿ, ಕೊಳ್ಳುವ ಕೆಲಸವಿಲ್ಲದೆ, ನಿಧಾನವಾಗಿ ನಡೆದಿದ್ದೇವೆ?

ದಸರೆಯ ಕಾಲದಲ್ಲಿ ಪುರಾತತ್ತ್ವ ಇಲಾಖೆ ಏರ್ಪಡಿಸುವ ಪಾರಂಪರಿಕ ನಡಿಗೆ ಮೈಸೂರಿಗರಿಗೆ ಪರಿಚಿತವಾದದ್ದು. ಪುರಭವನದ ಮುಂದೆ ಕೂಡಿದವರನ್ನು ಇತಿಹಾಸ ಬಲ್ಲವರು ಕಟ್ಟಡದಿಂದ ಕಟ್ಟಡಕ್ಕೆ ಕರೆದೊಯ್ಯುತ್ತಾರೆ. ಅದು ಒಳ್ಳೆಯ ಪಾಠ. ಅದಕ್ಕೆ ಜೊತೆಯಾಗಬೇಕಾದ ಇನ್ನೊಂದು ನಡಿಗೆಯಿದೆ: ಕೇರಿಯವರೇ, ಸಂಭಾವನೆಯ ಆಸೆಯಿಲ್ಲದೆ, ನೆರೆಹೊರೆಯವರನ್ನು ಕೂಡಿಕೊಂಡು ತಮ್ಮ ಕೇರಿಯಲ್ಲಿ ನಡೆಯುವುದು.

ಹೊರದೇಶದಲ್ಲಿ ಇಂಥ ನಡಿಗೆಗೆ ಒಬ್ಬ ಮಹಿಳೆಯ ಹೆಸರೇ ನಿಂತಿದೆ. ಜೇನ್ ಜೇಕಬ್ಸ್ 1961ರಲ್ಲಿ ಅಮೆರಿಕದ ಮಹಾನಗರಗಳ ಅಳಿವು ಉಳಿವುಗಳನ್ನು ಕುರಿತು ಒಂದು ಗ್ರಂಥ ಬರೆದರು. ಬೀದಿಯನ್ನು ಕಾಯುವುದು ಪೊಲೀಸಿನವರಿಗಿಂತ ಮೊದಲು ಅಂಗಡಿಯವರ, ಕಿಟಕಿಯಲ್ಲಿ ಕುಳಿತವರ, ಹೋಗಿಬರುವವರ ಕಣ್ಣು ಎಂಬುದು ಅವರ ವಾದದ ಒಂದು ಮುಖ್ಯ ಅಂಶ. ಅವರು 2006ರಲ್ಲಿ ತೀರಿಕೊಂಡರು. ಮರುವರ್ಷ ಟೊರಾಂಟೊದ ಅವರ ಗೆಳೆಯರು 'ಜೇನ್ಸ್ ವಾಕ್' ಎಂಬ ನಡಿಗೆಯನ್ನು ಆರಂಭಿಸಿದರು. ಆ ಪದ್ಧತಿ ಈಗ ಹಲವು ದೇಶಗಳಿಗೆ ಹಬ್ಬಿದೆ. ಅಲ್ಲಿ ಮುಂದೆ ನಡೆಯುವವರು ವಿದ್ವಾಂಸರೇ ಆಗಬೇಕಿಲ್ಲ. ಆ ಬೀದಿಯ ಮೇಲೆ ಅಕ್ಕರೆಯಿದ್ದರೆ ಸಾಕು.

ಲಷ್ಕರ್ ಮೊಹಲ್ಲಾದಲ್ಲಿ ಇಂಥ ನಡಿಗೆ ಹೆಸರಿನಿಂದಲೇ ಪ್ರಾರಂಭವಾಗಬಹುದು. ಲಷ್ಕರ್ ಎಂದರೆ ಪಾರಸಿಯಲ್ಲಿ ದಂಡು. ಮೊಹಲ್ಲಾ ಎಂಬುದು ಅರಬ್ಬಿಯಿಂದ ಬಂದದ್ದು. ಜನ ಇಳಿದು ನೆಲೆಸಿದ ಜಾಗ ಎಂದು ಅದರ ಮೂಲಾರ್ಥ. ಇರ್ವಿನ್ ರಸ್ತೆಗೆ 1926ರಿಂದ 1931ರವರೆಗೆ ವೈಸರಾಯ್ ಆಗಿದ್ದವರ ಹೆಸರು. ಅದನ್ನು ಅಡ್ಡ ಹಾಯುವ ರಸ್ತೆಗೆ ಅಶೋಕನ ಹೆಸರು. ದೊಡ್ಡಗಡಿಯಾರದ ಬಳಿ ಕೂಡಬಹುದು. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಎದ್ದ ಆ ಗೋಪುರದ ಮುಖದ ಮೇಲೆ ಇರುವುದು ಕನ್ನಡ ಅಂಕಿಗಳು. ಅಲ್ಲಿಂದ ಅಶೋಕ ರಸ್ತೆ ಹಿಡಿದು ಉತ್ತರಕ್ಕೆ ನಡೆದರೆ ಮಸ್ಜಿದ್-ಎ-ಆಜಮ್. ಮುಂದೆ ಚರ್ಚಿನ ಜೋಡಿ ಗೋಪುರಗಳು. ಮುಮ್ಮಡಿಯವರ ಕಾಲದಲ್ಲಿ, 1843ರಲ್ಲಿ, ಅಲ್ಲಿ ಹಳೆಯ ಚರ್ಚು ಎದ್ದಿತ್ತು. ಈಗಿನದಕ್ಕೆ 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಇಟ್ಟರು.

ಇಷ್ಟನ್ನು ಪುಸ್ತಕವೂ ಹೇಳೀತು. ಯಾವ ಅಂಗಡಿ ಮೂರು ತಲೆಮಾರಿನದು, ಯಾವ ಮನೆಯ ಜಗಲಿಯಲ್ಲಿ ಎಲ್ಲ ಮತದ ಮಕ್ಕಳೂ ಆಡಿ ಬೆಳೆದರು, ಯಾವ ಗೋಡೆಯ ಬಿರುಕು ಕಳೆದ ಮಳೆಗಾಲದಿಂದ ಅಗಲವಾಗುತ್ತಿದೆ—ಇವನ್ನು ಕೇರಿಯವರೇ ಹೇಳಬೇಕು. ಕೊನೆಯ ಮಾತು ಕೇವಲ ಅಲಂಕಾರವಲ್ಲ. ಇದೇ ನಗರದಲ್ಲಿ 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಹೆಬ್ಬಾಗಿಲು ಉರುಳಿತು. ಹಳೆಯ ಕಟ್ಟಡಗಳ ದುರವಸ್ಥೆ ದಿನವೂ ಹಾದುಹೋಗುವವರ ಕಣ್ಣಿಗೆ ಬೀಳದಿರುವುದಿಲ್ಲ. ಆದರೆ ಒಬ್ಬೊಬ್ಬರು ಒಂಟಿಯಾಗಿ ಕಂಡದ್ದು ಗೊಣಗಾಟವಾಗಿ ಉಳಿಯುತ್ತದೆ. ಹತ್ತು ಜನ ಜೊತೆಯಾಗಿ ಕಂಡದ್ದು ನಗರಪಾಲಿಕೆಗೆ ಒಂದು ಮನವಿಯಾಗುತ್ತದೆ.

ಈ ನಡಿಗೆಗೆ ಕೆಲವು ಮರ್ಯಾದೆಗಳುಂಟು. ಗುಂಪು ಚಿಕ್ಕದಿರಬೇಕು, ಹಿರಿಯರ ಕಾಲಿನ ವೇಗವೇ ಎಲ್ಲರ ವೇಗವಾಗಬೇಕು. ಬಡವರ ಬಾಗಿಲು ಪ್ರದರ್ಶನದ ವಸ್ತುವಾಗಬಾರದು. ದಂತಕಥೆಯನ್ನು ದಂತಕಥೆಯೆಂದೇ ಹೇಳಬೇಕು. ಈ ತಿಂಗಳು ಹೂವಿನ ವ್ಯಾಪಾರಿ ಮುಂದೆ ನಡೆದರೆ ಬರುವ ತಿಂಗಳು ನಿವೃತ್ತ ಉಪಾಧ್ಯಾಯಿನಿ ನಡೆಯಲಿ. ಹೇಳುವವರು ಬದಲಾದಂತೆ ಅದೇ ಬೀದಿ ಬೇರೆಯಾಗಿ ಕಾಣುತ್ತದೆ. ಚರ್ಚಿನ ಮೆಟ್ಟಿಲನ್ನೋ ಮಸೀದಿಯ ಬಾಗಿಲನ್ನೋ ದೂರದಿಂದಲೇ ನೋಡಿದ್ದವರಿಗೆ ಅಲ್ಲಿ ತಮ್ಮನ್ನು ಹೆಸರಿಡಿದು ಮಾತನಾಡಿಸುವ ಒಬ್ಬರು ಸಿಗುತ್ತಾರೆ. ಊರಿನಲ್ಲಿ ಗಾಳಿಸುದ್ದಿ ಹಬ್ಬಿದ ದಿನ, ನಿಜವೇನೆಂದು ವಿಚಾರಿಸಲು ಅಂಥ ಒಬ್ಬರಿದ್ದರೆ ಆಗುವ ಉಪಕಾರ ಸಣ್ಣದಲ್ಲ.

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ದಿನವೂ ಬೆಳಗ್ಗೆ ಎಷ್ಟೋ ಜನ ಆರೋಗ್ಯಕ್ಕಾಗಿ ನಡೆಯುತ್ತಾರೆ. ತಿಂಗಳಿಗೊಂದು ಭಾನುವಾರ ಆ ಹೆಜ್ಜೆಗಳು ಅಶೋಕ ರಸ್ತೆಯ ಕಡೆಗೂ ತಿರುಗಲಿ. ಮೈಗೆ ಆಗುವ ಒಳಿತು ಅಲ್ಲಿಯೂ ಅಷ್ಟೇ ಆಗುತ್ತದೆ; ಮರಳುವಾಗ ನಾಲ್ಕು ಹೊಸ ಮನೆಗಳ ಪರಿಚಯವೂ ಜೊತೆಗೆ ಬರುತ್ತದೆ.