ಒಂದೇ ಗಡಿಯಾರದ ಕೆಳಗೆ



ಹೃದಯಕ್ಕೆ ರಕ್ತವನ್ನೊಯ್ಯುವ ಧಮನಿಯು ಹೆಪ್ಪುಗಟ್ಟಿದ ನೆತ್ತರಿನಿಂದ ಮುಚ್ಚಿಹೋದರೆ, ಸ್ವಲ್ಪ ಹೊತ್ತಿನಲ್ಲಿಯೇ ಹೃದಯದ ಸ್ನಾಯುವು ಒಳಪದರದಿಂದ ಹೊರಪದರದತ್ತ ಸಾಯತೊಡಗುವುದೆಂಬುದನ್ನು ಬಲ್ಲ ನಾವೆಲ್ಲರೂ, ಹೃದ್ರೋಗತಜ್ಞರೂ ತಾಲ್ಲೂಕು ಆಸ್ಪತ್ರೆಗಳ ವೈದ್ಯರೂ ದಾದಿಯರೂ 108 ಆಂಬುಲೆನ್ಸ್ ಸಿಬ್ಬಂದಿಯೂ, ಕಾಲವು ಎಲ್ಲಿ ಸೋರಿಹೋಗುತ್ತಿದೆಯೆಂದು ಪರಸ್ಪರ ಕೇಳಿಕೊಳ್ಳುವುದಕ್ಕಾಗಿಯೇ ಇಂದು ಇಲ್ಲಿ ಕೂಡಿದ್ದೇವೆ. ಮೊದಲ ಭೇಟಿಯ 10 ನಿಮಿಷಗಳೊಳಗೆ ಇ.ಸಿ.ಜಿ., ಕ್ಯಾಥ್‌ಲ್ಯಾಬ್ ಇರುವ ಆಸ್ಪತ್ರೆಗೆ ನೇರವಾಗಿ ಬಂದವರಿಗೆ 90 ನಿಮಿಷಗಳೊಳಗೆ ಆಂಜಿಯೋಪ್ಲಾಸ್ಟಿ, 120 ನಿಮಿಷಗಳಲ್ಲಿಯೂ ಅದು ಸಾಧ್ಯವಾಗದೆಡೆ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು: ಇವೆಲ್ಲ ಅಂಗೀಕೃತವಾದ ನಿಯಮಗಳು. ಕೊರತೆಯಿರುವುದು ವಿದ್ಯೆಯಲ್ಲಲ್ಲ, ರೋಗಿಯು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಸಂಧಿಗಳಲ್ಲಿ.

ಮಲೆನಾಡಿನ ತಿರುವುಗಳಲ್ಲಿ ಬರುತ್ತಿರುವ ಆಂಬುಲೆನ್ಸನ್ನು ಒಮ್ಮೆ ನೆನೆಯಿರಿ. ಚಾಲಕನು ವಾಹನವನ್ನು ಪಕ್ಕಕ್ಕೆ ನಿಲ್ಲಿಸುತ್ತಾನೆ, ಏಕೆಂದರೆ ಕುಲುಕಾಟದಲ್ಲಿ ಇ.ಸಿ.ಜಿ. ಗೆರೆ ಕದಡಿಹೋಗುತ್ತದೆ. ಆಂಬುಲೆನ್ಸಿನ ತುರ್ತುಚಿಕಿತ್ಸಾ ಸಿಬ್ಬಂದಿಯಾದ ಇ.ಎಂ.ಟಿ. ಬೆವರಿನಿಂದ ತೊಯ್ದ ಎದೆಯನ್ನು ಬಟ್ಟೆಯಿಂದ ಒರಸಿ, ಜಾರುವ ಎಲೆಕ್ಟ್ರೋಡುಗಳನ್ನು ಅಂಟಿಸಿ, ಹೃದಯಾಘಾತವನ್ನು ಸೂಚಿಸುವ, ಎದ್ದುನಿಂತ ಎಸ್.ಟಿ. ಭಾಗವನ್ನು ಗುರುತಿಸುತ್ತಾನೆ. ಇಷ್ಟು ಶ್ರಮದಿಂದ ಪಡೆದ ಆ ಹಾಳೆಯು ಆಸ್ಪತ್ರೆಯ ಬಾಗಿಲಲ್ಲಿ ಬದಿಗೆ ಸರಿದು, ಮತ್ತೊಂದು ಇ.ಸಿ.ಜಿ., ಮತ್ತೊಬ್ಬರ ಅಭಿಪ್ರಾಯ, ಆಮೇಲೆ ತಜ್ಞರಿಗೆ ಕರೆ, ಆಮೇಲೆ ಕ್ಯಾಥ್‌ಲ್ಯಾಬಿನ ಬೀಗ ತೆಗೆಯುವುದು, ಹೀಗೆ ಎಲ್ಲವೂ ಮೊದಲಿನಿಂದ ಆರಂಭವಾಗುವುದಾದರೆ, ದಾರಿಯಲ್ಲಿ ಉಳಿಸಿದ ಸಮಯವನ್ನು ನಾವು ಹೊಸ್ತಿಲಲ್ಲಿ ಚೆಲ್ಲಿದಂತಾಯಿತು.

ದೂರದಿಂದಲೇ ಹೃದಯವನ್ನು ಅರಿಯುವುದೂ ದಾರಿಯಲ್ಲಿಯೇ ಚಿಕಿತ್ಸೆ ಆರಂಭಿಸುವುದೂ ಹೊಸ ಕಲ್ಪನೆಗಳಲ್ಲ. ಲೈಡನ್ ನಗರದಲ್ಲಿ ಶರೀರವಿಜ್ಞಾನಿ ಐಂಥೋವನ್ ಮಹಾಶಯರು ಆಸ್ಪತ್ರೆಯ ರೋಗಿಗಳ ಹೃದಯಸ್ಪಂದನವನ್ನು ಸುಮಾರು ಒಂದೂವರೆ ಕಿಲೋಮೀಟರ್ ದೂರದ ತಮ್ಮ ಪ್ರಯೋಗಾಲಯಕ್ಕೆ ದೂರವಾಣಿ ತಂತಿಯ ಮೂಲಕ ಬರಮಾಡಿಕೊಂಡದ್ದು 1905ರಷ್ಟು ಹಿಂದೆ. 1966ರಲ್ಲಿ ಬೆಲ್‌ಫಾಸ್ಟಿನ ವೈದ್ಯ ಪ್ಯಾಂಟ್ರಿಜ್ ಅವರು ಹೃದಯಚಿಕಿತ್ಸೆಯನ್ನೇ ವಾಹನದಲ್ಲಿಟ್ಟು ರೋಗಿಯ ಮನೆಬಾಗಿಲಿಗೆ ಕಳುಹಿಸಿದರು. ನೆರೆಯ ತಮಿಳುನಾಡಿನಲ್ಲಿ ಸಣ್ಣ ಆಸ್ಪತ್ರೆಗಳನ್ನೂ ಆಂಬುಲೆನ್ಸುಗಳನ್ನೂ ದೊಡ್ಡ ಕೇಂದ್ರಗಳೊಡನೆ ಬೆಸೆದ ಪ್ರಯೋಗದ ಫಲಿತಾಂಶವು 2017ರಲ್ಲಿ ಪ್ರಕಟವಾದಾಗ, ರೋಗಿಗಳಲ್ಲಿ ಒಂದು ವರ್ಷದೊಳಗಿನ ಮರಣಪ್ರಮಾಣವು ಶೇಕಡಾ 17.6ರಿಂದ 14.2ಕ್ಕೆ ಇಳಿದಿದ್ದುದು ಕಂಡುಬಂದಿತು. ನಮ್ಮಲ್ಲಿಯೂ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಿಂದ ತಾಲ್ಲೂಕು ಆಸ್ಪತ್ರೆಯ ಬಡರೋಗಿಗೂ ಹೆಪ್ಪನ್ನು ಕರಗಿಸುವ ದುಬಾರಿ ಮದ್ದಾದ ಟೆನೆಕ್ಟೆಪ್ಲೇಸ್ ಉಚಿತವಾಗಿ ದೊರೆಯುವಂತಾಗಿದೆ. ಸಾಧನಗಳು ಬಂದಿವೆ, ಅವುಗಳನ್ನು ಹೆಣೆಯುವ ಒಪ್ಪಂದವಾಗಬೇಕಾಗಿದೆ.

ಆದುದರಿಂದ ಈ ಗೋಷ್ಠಿಯ ಮುಂದೆ ಮೂರು ಬೇಡಿಕೆಗಳನ್ನಿಡುತ್ತೇನೆ. ಕಾಲಗಣನೆಯು ಆಸ್ಪತ್ರೆಯ ಬಾಗಿಲಿನಿಂದಲ್ಲ, ಇ.ಎಂ.ಟಿ. ರೋಗಿಯನ್ನು ಮೊದಲು ಕಂಡ ಕ್ಷಣದಿಂದ ಆರಂಭವಾಗಲಿ. ತರಬೇತಿ ಪಡೆದ ಸಿಬ್ಬಂದಿಯ ಒಂದು ಕರೆಗೇ ಕ್ಯಾಥ್‌ಲ್ಯಾಬ್ ಸಜ್ಜಾಗಲಿ. ಆ ಕರೆಯು ಒಮ್ಮೊಮ್ಮೆ ಹುಸಿಯಾದರೂ ಗದರಿಕೆ ಬೇಡ, ಏಕೆಂದರೆ ಗದರಿಕೆಗೆ ಅಂಜಿದವನು ಮುಂದಿನ ಸಲ ತಡಮಾಡುತ್ತಾನೆ. ಪ್ರತಿಯೊಬ್ಬ ರೋಗಿಯ ಪರಿಣಾಮವೂ ಅವನನ್ನು ಕರೆತಂದವರಿಗೆ ತಪ್ಪದೆ ತಿಳಿಯಲಿ. ತನ್ನ ದುಡಿಮೆಯ ಫಲವನ್ನು ಕಾಣದವನಿಗೆ ಕಲಿಯುವ ದಾರಿಯೇ ಇಲ್ಲ.

ವೈದ್ಯನ ಜ್ಞಾನಕ್ಕೆ ಸಲ್ಲುವ ಗೌರವವು ಇ.ಎಂ.ಟಿ.ಯ ಮಾತಿಗೂ ಸಲ್ಲಬೇಕೆಂಬುದೇ ನನ್ನ ಆಶಯ. ಸಂಜೆ ನಾವು ಚದುರುವ ಮುನ್ನ ಈ ಮೂರನ್ನೂ ಬರವಣಿಗೆಗಿಳಿಸಿ, ಆಸ್ಪತ್ರೆಗಳೂ ಆಂಬುಲೆನ್ಸ್ ಸೇವೆಯೂ ಕೂಡಿ ಸಹಿ ಹಾಕಬೇಕೆಂದು ಪ್ರಾರ್ಥಿಸುತ್ತ, ಇವನ್ನು ನಿಮ್ಮ ವಿಚಾರಕ್ಕೆ ಒಪ್ಪಿಸುತ್ತೇನೆ.