ಯಂತ್ರದ ಕಣ್ಣಿಗೆ ಒರೆಗಲ್ಲು

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ನಾಡು ಒಂದಾದ 1956ನೆಯ ಇಸವಿಯಲ್ಲಿಯೇ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ತರುಣ ವಿಜ್ಞಾನಿ ಎಸ್. ಪಂಚರತ್ನಂ ಅವರು ಧ್ರುವೀಕೃತ ಬೆಳಕನ್ನು ಕುರಿತು ಬರೆದ ಪ್ರಬಂಧವೊಂದು ಮುಂದೆ ಜಗದ್ವಿಖ್ಯಾತವಾಯಿತು. ಆ ಬೆಳಕನ್ನು ಗುರುತಿಸುವ ಕ್ಯಾಮರಾಗಳೊಡನೆ ದುಡಿಯುವುದೇ ನಮ್ಮ ಹೊಟ್ಟೆಪಾಡು. ಅಲ್ಲಿ ಕಲಿತ ಪಾಠವೊಂದನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ಸಾಮಾನ್ಯ ಬೆಳಕು ಎಲ್ಲ ದಿಕ್ಕುಗಳಲ್ಲಿಯೂ ಕಂಪಿಸುತ್ತದೆ. ಒಂದೇ ದಿಕ್ಕಿಗೆ ಕಟ್ಟುಬಿದ್ದುದು ಧ್ರುವೀಕೃತ ಬೆಳಕು. ನಮ್ಮ ಕಣ್ಣಿಗೆ ಈ ಭೇದ ತಿಳಿಯದು. ಈ ಕ್ಯಾಮರಾದ ಸೆನ್ಸರ್‌ನಲ್ಲಾದರೋ ನಾಲ್ಕು ನಾಲ್ಕು ಪಿಕ್ಸೆಲ್‌ಗಳ ಗುಂಪಿನ ಮೇಲೆ 0, 45, 90, 135 ಡಿಗ್ರಿಗಳಲ್ಲಿ ಅತಿಸೂಕ್ಷ್ಮ ಲೋಹದ ಗೆರೆಗಳ ಜಾಲರಿಯುಂಟು. ನಾಲ್ಕರ ಅಳತೆಗಳನ್ನು ಹೋಲಿಸಿ ಕಂಪನದ ದಿಕ್ಕನ್ನು ತಿಳಿಯುತ್ತಾರೆ.

ಸರಿಯಾಗಿ ಆರಿಸದ ಗಾಜಿನಲ್ಲಿ ಒಳಬಿಗಿತ ಉಳಿಯುತ್ತದೆ. ಅಂಥ ಸೀಸೆ ಮುಂದೆ ಬಿರಿಯಬಹುದು. ಧ್ರುವೀಕೃತ ಬೆಳಕಿನಲ್ಲಿ ಆ ಬಿಗಿತ ಬಯಲಾಗುತ್ತದೆ. ಒಮ್ಮೆ ಔಷಧದ ಸೀಸೆಗಳನ್ನು ನೋಡಿದಾಗ ತಟ್ಟೆಯ ಅಂಚಿನವೆಲ್ಲ ಕೆಟ್ಟವೆಂದು ತೋರಿತು. ತಿರಸ್ಕರಿಸಿರೆಂದು ಬರೆದುಕೊಟ್ಟೆವು. ಕಾರ್ಖಾನೆಯ ಹಿರಿಯ ಕೆಲಸಗಾರರೊಬ್ಬರು, “ಸಾಹೇಬರೇ, ಅಂಚಿನವನ್ನು ನಡುವೆ ಇಟ್ಟು ನೋಡಿ” ಎಂದರು. ಇಟ್ಟೆವು. ಕೆಟ್ಟ ಸೀಸೆಗಳು ಒಳ್ಳೆಯವಾದವು, ಒಳ್ಳೆಯವು ಕೆಟ್ಟವು! ಕೆಟ್ಟಿದ್ದುದು ನಮ್ಮ ನೋಟ.

ನಾಚಿಕೆಯಿಂದ ಪರೀಕ್ಷೆಗೆ ಕುಳಿತೆವು. ಮೊದಲು ಮಸೂರವನ್ನು ಮುಚ್ಚಿ ಕತ್ತಲೆಯ ಅಳತೆ ತೆಗೆದೆವು. ಬಳಿಕ, ಒಳಗೆಲ್ಲ ಬಿಳಿ ಲೇಪವಿರುವ ಟೊಳ್ಳು ಗೋಲವನ್ನು ಮುಂದಿಟ್ಟೆವು. ಅದರೊಳಗೆ ಬೆಳಕು ಹಲವು ಬಾರಿ ಪುಟಿದು ಯಾವ ದಿಕ್ಕಿನ ಒಲವನ್ನೂ ಉಳಿಸಿಕೊಳ್ಳದೆ ಹೊರಬರುತ್ತದೆ. ಧ್ರುವೀಕರಣ ಸೊನ್ನೆಯೆಂದೇ ತೋರಬೇಕು. ನಮ್ಮ ಚಿತ್ರದ ನಡುವೆ ಹಾಗೆಯೇ ತೋರಿತು, ಅಂಚಿನಲ್ಲಿ ಇಲ್ಲ. ಕೊನೆಗೆ ಗೋಲದ ಮುಂದೆ ಧ್ರುವಕ ಫಲಕವನ್ನಿಟ್ಟು 10 ಡಿಗ್ರಿಯಂತೆ ತಿರುಗಿಸಿದೆವು. ಫ್ರಾನ್ಸಿನ ಮಾಲುಸ್ 1809ರಲ್ಲಿ ತಿಳಿಸಿದ ನಿಯಮದಂತೆ ಪ್ರತಿ ಪಿಕ್ಸೆಲ್ಲಿನ ಬೆಳಕೂ ಕೋನದ ಕೊಸೈನಿನ ವರ್ಗವನ್ನು ಅನುಸರಿಸಿ ಏರಿಳಿಯಬೇಕು. ಅತಿ ಹೆಚ್ಚಿನ ಬೆಳಕಿಗೂ ಅತಿ ಕಡಿಮೆಯದಕ್ಕೂ ಇರುವ ಪ್ರಮಾಣವೇ ಸೆನ್ಸರ್‌ನ ಯೋಗ್ಯತೆ. ಅಂಚಿನಲ್ಲಿ ಅದು ಕುಸಿದಿತ್ತು.

ಕಾರಣ ಸರಳ. ನಾವು ಮಸೂರದ ದ್ವಾರವನ್ನು ಪೂರ್ತಿ ತೆರೆದಿದ್ದೆವು. ಅಂಚಿನ ಕಿರಣಗಳು ಜಾಲರಿಗೆ ಓರೆಯಾಗಿ ಬೀಳುತ್ತಿದ್ದವು. ದ್ವಾರವನ್ನು ಕಿರಿದುಗೊಳಿಸಿ, ಪಿಕ್ಸೆಲ್ಲಿಗೊಂದು ತಿದ್ದುಪಡಿ ಬರೆದು, ಮತ್ತೆ ಪರೀಕ್ಷಿಸಿದೆವು. ಆಮೇಲೆ ಹಳೆಯ ವರದಿಯನ್ನು ಹಿಂದಕ್ಕೆ ಪಡೆದೆವು.

ಬಂಧುಗಳೇ, ಉತ್ತರ ಬಲ್ಲ ಪ್ರಶ್ನೆಯನ್ನು ಮೊದಲು ಕೇಳದೆ, ನಮಗೆ ಕಾಣದುದರ ಬಗ್ಗೆ ಯಂತ್ರ ಹೇಳುವ ಮಾತನ್ನು ನಂಬಲಾಗದು. ಆ ಹಿರಿಯರು ಕೇಳಿದ್ದೂ ಅಂಥ ಪ್ರಶ್ನೆಯನ್ನೇ.